ಅರ್ಧ ನಿಮಿಷದ ಮುನಿಸು

ಫೋನಿನ ಪರದೆಯ ಮೇಲೆ ಗಿರ್ರನೆ ಸುತ್ತುವ ಆ ಪುಟ್ಟ ಚಕ್ರವನ್ನು ನೀವೂ ನೋಡಿದ್ದೀರಿ. ಏನನ್ನೋ ಕೇಳಿ ಬೆರಳೊತ್ತಿದ ಕೂಡಲೇ ಪ್ರತ್ಯಕ್ಷವಾಗಿ, ಬಹಳ ಕೆಲಸವಿರುವವರಂತೆ ತನ್ನ ಸುತ್ತಲೇ ಪ್ರದಕ್ಷಿಣೆ ಹಾಕಿ, ಕೊನೆಗೆ 'ಉತ್ತರ ಬರಲಿಲ್ಲ, ಮತ್ತೆ ಪ್ರಯತ್ನಿಸಿ' ಎಂದು ಕೈಚೆಲ್ಲುತ್ತದೆ. ಅದನ್ನು ಸುತ್ತಿಸುವುದೇ ನನ್ನ ಹೊಟ್ಟೆಪಾಡು. ಹೆಬ್ಬಾಳದ ಸಣ್ಣದೊಂದು ಕಚೇರಿಯಲ್ಲಿ ಕುಳಿತು ಮೊಬೈಲ್ ಆಪ್‌ಗಳನ್ನು ಕಟ್ಟುವವಳು ನಾನು. ಆ ಚಕ್ರಕ್ಕೆ ನೀವೆಂದಾದರೂ ಶಾಪ ಹಾಕಿದ್ದರೆ ಅದರಲ್ಲಿ ನನ್ನ ಪಾಲು ನನಗೆ ತಲುಪಿದೆ.

ಎಷ್ಟು ಹೊತ್ತು ಕಾಯಬೇಕು ಎಂಬುದು ಯಂತ್ರಕ್ಕೆ ತಾನಾಗಿ ತಿಳಿಯದು, ಯಾರಾದರೂ ಹೇಳಿಕೊಡಬೇಕು. ದಿನವೂ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸಿನೊಳಗೆ ತಪಸ್ಸು ಮಾಡಿ ಬರುವ ನಾನು, ಕಚೇರಿಗೆ ಬಂದವಳೇ ಅದಕ್ಕೆ 'ಅರ್ಧ ನಿಮಿಷ ನೋಡು, ಬರದಿದ್ದರೆ ಬಿಟ್ಟುಬಿಡು' ಎಂದು ಉಪದೇಶ ಬರೆಯುತ್ತೇನೆ. ನಾನು ಕಂಡಂತೆ ಮನುಷ್ಯರು ಇದಕ್ಕಿಂತ ವಿಚಿತ್ರ. ಬಸ್ಸಿಗಾಗಿ ಗಂಟೆಗಟ್ಟಲೆ ನಿಂತವರು ಮನೆಯವರ ಉತ್ತರಕ್ಕಾಗಿ ಅರ್ಧ ನಿಮಿಷ ತಡೆಯಲಾರರು.

ಅಟ್ಟೂರಿನ ನಮ್ಮ ಮನೆಯಲ್ಲಿ ನನ್ನ ಅತ್ತೆ ಗೌರಮ್ಮನವರು ಒಬ್ಬಟ್ಟು ಮಾಡಿಕೊಡುತ್ತಾರೆ. ಅವರ ಒಬ್ಬಟ್ಟು ಯಲಹಂಕದ ಆಚೆಗೂ ಹೆಸರಾದ ಮೇಲೆ ಹಗಲಿಡೀ ಫೋನು ಬಡಿದುಕೊಳ್ಳುವುದನ್ನು ನೋಡಲಾರದೆ ನಾನೊಂದು ಆಪ್ ಮಾಡಿಕೊಟ್ಟೆ. ಎಷ್ಟು ಬೇಕೆಂದು ಒತ್ತಿದರೆ ಅತ್ತೆಯ ಫೋನು ಟಿಂಗ್ ಎನ್ನಬೇಕು, ಅತ್ತೆ ಅರ್ಧ ನಿಮಿಷದೊಳಗೆ 'ಆಗಲಿ' ಎಂಬ ಗುಂಡಿ ಒತ್ತಬೇಕು, ಆಗ ಕೇಳಿದವರಿಗೆ ಉತ್ತರ ಹೋಗಬೇಕು. ಸಂಜೆಯ ಹೊತ್ತು ಧಾರಾವಾಹಿಯ ಮುಂದೆ ಕೂರಿಸಿ ಪರೀಕ್ಷೆ ಮಾಡಿದೆ. ಟಿಂಗ್ ಎನ್ನುವುದೇ ತಡ, ಅತ್ತೆ ನೊಣ ಹೊಡೆಯುವಷ್ಟು ಚುರುಕಾಗಿ ಗುಂಡಿ ಒತ್ತಿದರು. ನಾನು ಬೀಗಿದೆ.

ವರಮಹಾಲಕ್ಷ್ಮಿ ಹಬ್ಬ ಕಳೆದ ಕೆಲವು ದಿನಗಳಿಗೆ ಆರ್.ಟಿ. ನಗರದಿಂದ ಸರೋಜಮ್ಮನವರು ನನಗೆ ಫೋನ್ ಮಾಡಿದರು. ಅವರೂ ಅತ್ತೆಯೂ ಬಾಗಲೂರಿನ ಒಂದೇ ಬೀದಿಯಲ್ಲಿ ಜಡೆ ಹಿಡಿದು ಜಗಳವಾಡಿ ಬೆಳೆದ ಗೆಳತಿಯರು.

"ನಿನ್ ಅತ್ತೆ ಇಂಗ್ ಮಾಡ್ತಾಳೆ ಅಂದ್ಕೊಂಡಿರ್ಲಿಲ್ಲ ಕಣಮ್ಮಾ. ಅಬ್ಬದ ದಿನ ಸಂಜೆ ಅರಿಶಿನ-ಕುಂಕುಮಕ್ಕೆ ಅಂತ ಬೆಳಿಗ್ಗೆ ಐವತ್ತು ಒಬ್ಬಟ್ಟು ಕೇಳ್ದೆ. ಇಲ್ಲ ಅಂತು ನಿನ್ ಆಪು. ಮತ್ತೆ ಕೇಳ್ದೆ, ಮತ್ತೆ ಇಲ್ಲ. ನಾಕ್ ಸಲ ಕೇಳಿದ್ದೀನಿ! ಗುರ್ತಿಲ್ದೋರೂ ಇಂಗೆ ಮುಖಕ್ಕೆ ಒಡ್ದಂಗೆ ಏಳಲ್ಲ."

"ಅದು ನೆಟ್‌ವರ್ಕ್ ಇರ್ಬೇಕು ಆಂಟಿ," ಎಂದೆ. ನಮ್ಮ ಕಸುಬಿನವರ ಬಾಯಲ್ಲಿ ಮೊದಲು ಬರುವ ಮಾತೇ ಅದು.

"ನನ್ ಮೊಮ್ಮಗಳು ಅದೇ ಫೋನಲ್ಲಿ ಅಮೆರಿಕದ ನಾಯಿ ಕುಣಿಯೋದ್ ನೋಡ್ತಾಳೆ. ಅಟ್ಟೂರು ಅಷ್ಟ್ ದೂರಾನಾ?"

ಅವರ ಮನೆಯ ತಾರಸಿಗೆ ಹೋಗಿ, ಒಣಹಾಕಿದ್ದ ಸೀರೆಗಳ ನಡುವೆ ಫೋನೆತ್ತಿ ಹಿಡಿದು ಅಲೆದೆ; ಸಿಗ್ನಲ್ ತುಂಬಿ ತುಳುಕುತ್ತಿತ್ತು. ಸಂದೇಶ ಸಾಗಿಸುವ ಸರ್ವರ್ ಯಂತ್ರವನ್ನು ತಡಕಿದೆ; ಅದು ಗುಂಡುಕಲ್ಲಿನ ಹಾಗೆ ಆರೋಗ್ಯವಾಗಿತ್ತು. ಕಚೇರಿಯ ಪಕ್ಕದ ಮೇಜಿನ ನವೀನ, "ಅರ್ಧ ನಿಮಿಷ ಸಾಲ್ತಿಲ್ಲ ಅಂದ್ರೆ ಒಂದ್ ನಿಮಿಷ ಮಾಡು ಗುರು, ಮುಗೀತು," ಎಂದ. ಮಾಡಿದೆ. ಗ್ರಾಹಕರಿಗೆ ಎರಡರಷ್ಟು ಹೊತ್ತು ಕಾದು ನಿರಾಶರಾಗುವ ಸೌಲಭ್ಯ ದೊರಕಿತು. ಹುಡುಕುತ್ತ ಹೋದಂತೆ ಒಂದು ವಿಷಯ ಮಾತ್ರ ಸ್ಪಷ್ಟವಾಯಿತು: ಈ ಕಾಯಿಲೆ ಬರುವುದು ಶುಕ್ರವಾರ ಮತ್ತು ಹಬ್ಬದ ಬೆಳಗುಗಳಲ್ಲಿ ಮಾತ್ರ. ದೈವಭಕ್ತಿಯುಳ್ಳ ಯಂತ್ರದೋಷವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮುಂದಿನ ಶುಕ್ರವಾರ ರಜೆ ಹಾಕಿ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಹಿಡಿದು ನಿಂತೆ. ಫ್ರಿಜ್ಜಿನ ಮೇಲಿದ್ದ ಫೋನು ಟಿಂಗ್ ಎಂದಿತು. ತಲೆಗೆ ಸ್ನಾನ ಮಾಡಿ, ಮಡಿಯುಟ್ಟು, ನೈವೇದ್ಯಕ್ಕೆ ಹೂರಣ ರುಬ್ಬುತ್ತಿದ್ದ ಅತ್ತೆ ಅದರತ್ತ ಒಮ್ಮೆ ಕೆಕ್ಕರಿಸಿ ನೋಡಿ ಮುಖ ತಿರುಗಿಸಿದರು.

"ಅತ್ತೆ, ಅದನ್ನ ಒತ್ತಬೇಕಲ್ವಾ?"

"ಮಡೀಲಿ ಅದನ್ನ ಮುಟ್ತಾರೇನೇ? ಬಸ್ಸು, ಬಾತ್‌ರೂಮು ಎಲ್ಲಾ ಕಡೆ ಹೋಗಿ ಬಂದಿರತ್ತೆ. ಪೂಜೆ ಆಗ್ಲಿ, ಆಮೇಲ್ ನೋಡ್ತೀನಿ."

ಕೋಟಿಗಟ್ಟಲೆ ಲೆಕ್ಕ ಕ್ಷಣದಲ್ಲಿ ಮಾಡುವ ಯಂತ್ರಗಳು ಒಂದು ಮಡಿ ಸೀರೆಯ ಮುಂದೆ ಕೈಕಟ್ಟಿ ನಿಂತಿದ್ದವು. ನನಗೆ ನಗು ಬಂತು. ಸರೋಜಮ್ಮನ ಹೆಸರೆತ್ತಿದ ಮೇಲೆ ಮಾತ್ರ ನಗು ನಿಂತಿತು.

"ಅವಳ ಮಾತು ಬೇಡ," ಎಂದರು ಅತ್ತೆ. "ಹಬ್ಬದ ದಿನ ಪೂಜೆ ಮುಗಿಸಿ ಬಂದು ನೋಡ್ತೀನಿ, ನಾಲ್ಕು ಸಲ ಐವತ್ತೈವತ್ತು ಒಬ್ಬಟ್ಟು ಕೇಳಿದಾಳೆ. ಇನ್ನೂರು! ಅಷ್ಟು ಜನ ಮುತ್ತೈದೆಯರನ್ನ ಕರ್ದಿದಾಳೆ, ನನ್ನನ್ನ ಬಾ ಅಂತ ಒಂದು ಮಾತು ಕರೀಲಿಲ್ಲ. ನಾನು ಬರೀ ಒಬ್ಬಟ್ಟಿನವಳು ತಾನೆ ಈಗ? ಗುಂಡಿ ಒತ್ತಲಿಲ್ಲ, ಹೋಗು ಅಂದೆ." ಅವರ ದನಿ ಒಡೆದಿತ್ತು.

ಆಪನ್ನು ಸರಿಪಡಿಸುವುದು ಒಂದು ಮಧ್ಯಾಹ್ನದ ಕೆಲಸ. ಅಜ್ಜಿಯರು ಕಥೆ ಹೇಳುವಾಗ ನಾವು ನಡುನಡುವೆ 'ಹೂಂ' ಎನ್ನದಿದ್ದರೆ ಕಥೆ ನಿಲ್ಲುತ್ತಿತ್ತಲ್ಲ, ಸರ್ವರ್‌ಗೂ ಆ ಹೂಂಗುಟ್ಟುವುದನ್ನೇ ಕಲಿಸಿದೆ: ಕೇಳಿದ ತಕ್ಷಣ 'ತಲುಪಿದೆ, ಗೌರಮ್ಮ ಪೂಜೆ ಮುಗಿಸಿ ಹೇಳುತ್ತಾರೆ' ಎನ್ನಬೇಕು, ಒಬ್ಬರೇ ಅದನ್ನೇ ಮತ್ತೆ ಮತ್ತೆ ಒತ್ತಿದರೆ ಒಂದೇ ಎಂದು ಎಣಿಸಬೇಕು. ಆದರೆ ಇಬ್ಬರು ಹೆಂಗಸರ ನಡುವೆ ಬಿದ್ದ ಬಿರುಕಿಗೆ ಹಚ್ಚಲು ನನ್ನ ಕಸುಬಿನಲ್ಲಿ ಏನೂ ಇರಲಿಲ್ಲ. ನಡೆದದ್ದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದೆ: ಸರೋಜಮ್ಮ ಕೇಳಿದ್ದು ಐವತ್ತೇ, ಉತ್ತರ ಬರದೆ ನಾಲ್ಕು ಸಲ ಒತ್ತಿದರು, ಇಲ್ಲ ಎಂದದ್ದು ನೀವೇ ಎಂದು ನೊಂದು ಕರೆಯದೆ ಉಳಿದರು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು.

"ಅವಳು ಫೋನ್ ಮಾಡಿ ಕೇಳಬಹುದಿತ್ತಲ್ಲ?"

"ನೀವೂ ಕೇಳಬಹುದಿತ್ತು ಅತ್ತೆ."

ಭಾನುವಾರ ಅವರು ಕಣಕ ಕಲಸಿದರು. ಬಿಸಿ ಒಬ್ಬಟ್ಟಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಆಟೊದಲ್ಲಿ ಆರ್.ಟಿ. ನಗರಕ್ಕೆ ಹೊರಟೆವು. ಏನು ಹೇಳುವುದೆಂದು ದಾರಿಯುದ್ದಕ್ಕೂ ಅತ್ತೆಯ ತುಟಿ ಅಲ್ಲಾಡುತ್ತಿತ್ತು. ಸರೋಜಮ್ಮನ ಮನೆಯ ಗಂಟೆ ಒತ್ತಿದರು. ಒಳಗೆ ಫ್ಯಾನು ತಿರುಗುವ ಸದ್ದು, ಯಾರೂ ಬರಲಿಲ್ಲ. ಕಿಟಕಿಯಿಂದ ನಮ್ಮನ್ನು ನೋಡಿಯೂ ತೆಗೆಯುತ್ತಿಲ್ಲವೇನೋ ಎಂದು ನನಗೆ ಅಳುಕು. ತಡೆಯಲಾರದೆ ಗಂಟೆಯತ್ತ ಮತ್ತೆ ಕೈ ಚಾಚಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಒಂದ್ಸಲ ಒತ್ತಿದೀವಲ್ಲ, ಕೇಳಿರತ್ತೆ. ಅವಳಿಗೆ ಮಂಡಿನೋವು, ನಿಧಾನಕ್ಕೆ ಬರ್ತಾಳೆ."

ಮೆಟ್ಟಿಲ ಮೇಲೆ ಕುಳಿತೆವು. ಎದುರುಮನೆಯ ನೆರಳು ನಮ್ಮ ಕಾಲಿನವರೆಗೆ ಬಂತು. ಡಬ್ಬಿ ಆರುತ್ತ ಬಂತು. ಕೊನೆಗೆ ಚಿಲಕ ಸರಿಯಿತು. ಗೋಡೆ ಹಿಡಿದು ನಿಂತಿದ್ದ ಸರೋಜಮ್ಮ ಗೆಳತಿಯನ್ನು ನೋಡಿದರು, ಡಬ್ಬಿಯನ್ನು ನೋಡಿದರು. ಕಣ್ಣು ತುಂಬಿಕೊಂಡು, ಗದರುವ ದನಿಯಲ್ಲಿ ಕೇಳಿದರು:

"ಬಂದು ಎಷ್ಟೊತ್ತಾಯ್ತೇ?"

"ಈಗ ತಾನೇ ಕಣೇ," ಎಂದರು ನನ್ನ ಅತ್ತೆ.