ಮೂರು ಸಂತೆ ದಾಟಲಿ

ನಮ್ಮ ಸಿದ್ದಪ್ಪ ಕಾಕಾ ಸಂತೆಯೊಳಗೆ ಕಾಲಿಡುವ ಮೊದಲು ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ. ಹೆಗಲ ಮೇಲೆ ಕಂಬಳಿ, ತಲೆಗೆ ಕೆಂಪು ರುಮಾಲು, ಎದೆ ಮುಂದೆ, ಕೈ ಹಿಂದೆ. ಗುರುತಿಲ್ಲದವರು ನೋಡಿದರೆ ಯಾರೋ ಕಳ್ಳನನ್ನು ಠಾಣೆಗೆ ನಡೆಸಿಕೊಂಡು ಹೊರಟಿದ್ದಾರೆ ಅನ್ನಬೇಕು. ಕುರಿಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಒಂದು ಚಹಾ ಕುಡಿದು, ಮತ್ತೆ ಅದೇ ದಾರಿಯಲ್ಲಿ ಮರಳುತ್ತಿದ್ದ. ಚಹಾದ ಹೊತ್ತೊಂದನ್ನು ಬಿಟ್ಟರೆ ಕೈ ಬಿಚ್ಚುತ್ತಿರಲಿಲ್ಲ.

ಇದಕ್ಕೆ ಕಾರಣವಿತ್ತು. ಕುರಿ ಕೊಳ್ಳುವವರು ಅದರ ಬೆನ್ನು ಮುಟ್ಟಿ, ಸೊಂಟ ಒತ್ತಿ ನೋಡುತ್ತಾರೆ. ಮಾರುವವನು ನೋಡುವುದು ಆ ಕೈಯನ್ನು. ಕೈ ಹೋಯಿತೆಂದರೆ ಮನಸ್ಸೂ ಹೋಯಿತೆಂದು ಅವನಿಗೆ ಗೊತ್ತು, ಆಮೇಲೆ ಬೆಲೆ ಇಳಿಯುವುದಿಲ್ಲ. "ನೋಡಾಕ ರೊಕ್ಕ ಬೀಳಂಗಿಲ್ಲ ಬೇ, ಎಷ್ಟರ ನೋಡು. ಮುಟ್ಟಿದಿ ಅಂದ್ರ ಮಾತ್ರ ಅದು ನಿನ್ನ ಜಗ್ಗತೈತಿ" ಅನ್ನುತ್ತಿದ್ದ.

ಕಾಕಾ ನನ್ನ ಅಪ್ಪನ ತಮ್ಮ. ಮೇಲವಂಕಿಯಲ್ಲಿ ಕುರಿ ಸಾಕುತ್ತ, ಮೂಡಲಗಿ, ಗೋಕಾಕ, ಹುಕ್ಕೇರಿ ಸಂತೆಗಳಲ್ಲಿ ಕೊಂಡು ಮಾರುತ್ತ ಬದುಕಿದವನು. ಅವನು ಋಷಿಯೇನೂ ಅಲ್ಲ. ನೀಲವ್ವ ಕಾಕಿಗೆ ಒಂದು ದಿನವೂ ಖರೆ ಬೆಲೆ ಹೇಳಿದವನಲ್ಲ. ಏನು ತಂದರೂ ಅರ್ಧಕ್ಕೇ ತಂದೆನೆನ್ನುತ್ತಿದ್ದ. ಒಮ್ಮೆ ಹುಕ್ಕೇರಿ ಸಂತೆಯಲ್ಲಿ ಸುರುಳಿ ಕೊಂಬಿನ ಕರಿ ಟಗರೊಂದನ್ನು ಕಂಡು ಅವನ ಕೈ ತಾನಾಗಿ ಬಿಚ್ಚಿ ಅದರ ಕೊರಳ ಮೇಲೆ ಹೋಗಿಬಿಟ್ಟಿತು. ಮಾರುವವನು ಹಲ್ಲು ಕಿರಿದು ಬೆಲೆ ಏರಿಸಿದ. ಟಗರು ಮನೆಗೆ ಬಂತು.

"ಇವತ್ತ ಕೈ ಎಲ್ಲಿ ಇಟ್ಟಿದ್ರಿ?" ಕಾಕಿ ಕೇಳಿದಳು.

"ಹಿಂದ ಇದ್ದುವು."

"ಹಂಗಾರ ಟಗರ ತಾನ ನಿಮ್ಮನ್ನ ಕೊಂಡಕೊಂಡ ಬಂತೇನ?"

ಕಾಕಾ ಟಗರಿಗೆ ನೀರಿಡಲು ಹೋದ. ಆ ಟಗರನ್ನು ಅವನು ಕಡೆಯವರೆಗೂ ಮಾರಲಿಲ್ಲ.

ನನ್ನದು ಹೇಳಬೇಕು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಕುರಿ ಹಿಂಡಿನ ಹಿಂದೆ ಓಡಾಡುತ್ತಲೇ ಓದಿದ್ದೇನೆ, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆಮೇಲೆ ಗೋಕಾಕದಲ್ಲಿ ಗೊಬ್ಬರ, ಹಿಂಡಿ ಮಾರುವ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಬಿಲ್ಲು ಹಾಕುವ ಕೆಲಸ ಸಿಕ್ಕಿತು. ಬ್ಯಾಂಕಿನ ಖಾತೆಗೆ ಪಗಾರ ಬೀಳುವುದೂ ನಮ್ಮ ಮನೆಯಲ್ಲಿ ಅದೇ ಮೊದಲು. ಸಣ್ಣವಳಿದ್ದಾಗ ಅಂಗಡಿಯ ಗಾಜಿನ ಆಚೆ ನಿಂತು ನೋಡಿದ್ದನ್ನೆಲ್ಲ ಈಗ ಫೋನಿನಲ್ಲಿ ಒತ್ತಿದರೆ ನನ್ನ ಹೆಸರು ಬರೆದ ಡಬ್ಬಿಯಲ್ಲಿ ಬರುತ್ತಿತ್ತು. ಕುರ್ತಾ, ಬ್ಯಾಗು, ವಾಚು, ಮುಚ್ಚಳದಲ್ಲಿ ದೀಪ ಹತ್ತುವ ನೀರಿನ ಬಾಟಲಿ. ಬಾಟಲಿಗೆ ದೀಪ ಯಾಕೆಂದು ನನಗೆ ಇಂದಿಗೂ ತಿಳಿದಿಲ್ಲ.

ಆದರೆ ನನಗೆ ಬಿ.ಎಡ್. ಮಾಡಿ ಮಾಸ್ತರಿಕೆಗೆ ಹೋಗಬೇಕಿತ್ತು. ಅಪ್ಪ ನೇರ ಹೇಳಿದ್ದ: "ಫೀ ನನ್ನ ಕಡಿಂದ ಆಗಾಂಗಿಲ್ಲವ್ವಾ. ನೀ ಹೊಂದಿಸ್ಕೊಂಡಿ ಅಂದ್ರ ಓದು, ಇಲ್ಲಂದ್ರ ಬಂದ ವರಾ ನೋಡತೇನಿ." ಮುಂದಿನ ಪ್ರವೇಶದೊಳಗೆ ಹಣವಾಗಬೇಕು. ಪಗಾರ ಬಂದ ವಾರಕ್ಕೆ ಖಾತೆ ಬರಿದಾಗುತ್ತಿತ್ತು.

ಒಂದು ಮಧ್ಯಾಹ್ನ ಕುರಿಗೆ ಹಿಂಡಿ ಒಯ್ಯಲೆಂದು ಕಾಕಾ ನಮ್ಮ ಅಂಗಡಿಗೆ ಬಂದಿದ್ದ. ಅದೇ ಹೊತ್ತಿಗೆ ನನಗೊಂದು ಪಾರ್ಸಲ್ ಬಂತು.

"ಏನೈತಿ ಅದರಾಗ?"

"ಬ್ಯಾಗ್ ಕಾಕಾ."

"ಮೊನ್ನಿದು ಹರೀತೇನ?"

"ಇಲ್ಲ. ಇದು ಬ್ಯಾರೆ ಬಣ್ಣದ್ದು."

ಕಾಕಾ ಗಂಭೀರವಾಗಿ ತಲೆಯಾಡಿಸಿದ. "ಖರೆ ಬಿಡು. ಕುರಿಯಾಗೂ ಕರೇವು ಇರತಾವ, ಬಿಳೇವು ಇರತಾವ. ಆದ್ರ ಅವು ಮರಿ ಹಾಕತಾವ."

ಅಂಗಡಿಯ ಹಮಾಲರು ನಕ್ಕರು. ನನಗೆ ಸಿಟ್ಟು ಬಂತು. "ನನ್ನ ದುಡಿಕಿ ಕಾಕಾ, ನಾ ತಗೋತೇನಿ" ಅಂದೆ.

"ತಗೋ. ಬ್ಯಾಡ ಅಂದವರ್ಯಾರ?" ಅವನು ಹಿಂಡಿಯ ಚೀಲದ ಮೇಲೆ ಕುಳಿತ. "ಎಲ್ಲಿ, ಆ ಸಂತಿ ನನಗೂ ಒಂಚೂರು ತೋರಸು."

ಫೋನು ತೋರಿಸಿದೆ. ಸಾಲು ಸಾಲು ಚಪ್ಪಲಿಗಳು ಮೇಲೆ ಸರಿದವು. ಅವನು ಚಪ್ಪಲಿ ನೋಡಲಿಲ್ಲ, ನನ್ನ ಹೆಬ್ಬೆರಳು ನೋಡುತ್ತಿದ್ದ.

"ಸಂತಿ ದೊಡ್ಡದೈತಿ. ನಿನ್ನ ಕೈ ಎಲ್ಲೈತಿ ನೋಡ್ಕೊ ಮತ್ತ."

ನನ್ನ ಕೈ ಗಾಜಿನ ಮೇಲಿತ್ತು. ಪಾರ್ಸಲ್ಲಿನಲ್ಲಿ ಬಂದ ಆ ಬ್ಯಾಗನ್ನೂ ಮೊದಲು ಸುಮ್ಮನೆ ಒಮ್ಮೆ ಒತ್ತಿ ನೋಡಿದ್ದೆ ಅಷ್ಟೇ. ಆಮೇಲೆ ಹಾಡು ಕೇಳಲು ಹೋದರೂ, ಅಡುಗೆ ನೋಡಲು ಹೋದರೂ ಅದೇ ಬ್ಯಾಗು ಎದುರು ಬಂದು ನಿಲ್ಲುತ್ತಿತ್ತು, ಬೆಲೆ ತುಸು ಇಳಿಸಿಕೊಂಡು. ಮುಟ್ಟಿದ್ದು ಜಗ್ಗುತ್ತದೆ ಅನ್ನುವುದು ಕುರಿಗಷ್ಟೇ ಸೇರಿದ ಮಾತಲ್ಲ ಎಂದು ಆಗ ಹೊಳೆಯಿತು. ಕಾಕಾನಿಗೆ ಹೇಳಿದೆ. ಅವನಿಗೆ ಬಹಳ ಖುಷಿಯಾಯಿತು. "ಹಂಗಾರ ಅಲ್ಲಿ ಕುಂತಾಂವನೂ ನಮ್ಮಂಥಾ ದಲಾಲಿನ."

ಹಿಂಡಿಯ ಚೀಲದ ಮೇಲೆ ಕುಳಿತೇ ಅವನೊಂದು ಕರಾರು ಮಾಡಿದ. ಏನು ಬೇಕನಿಸಿದರೂ ಅವನ ಮೂರು ಸಂತೆಗಳು ದಾಟಬೇಕು: ಮೂಡಲಗಿ, ಗೋಕಾಕ, ಹುಕ್ಕೇರಿ. "ಮೂರು ಸಂತಿ ದಾಟಿದ ಮ್ಯಾಲೂ ಬೇಕನಸ್ತಂದ್ರ, ತಗೊ. ಯಾರಿಗೂ ಕೇಳಬ್ಯಾಡ. ಮರತಿ ಅಂದ್ರ ಆ ರೊಕ್ಕ ನನಗ ಕೊಡು, ನಿನ್ನ ಹೆಸರಿಲೆ ಮರಿ ಹಿಡೀತೇನಿ." ನನ್ನ ಮರಿಗಳು ಅವನ ಹಿಂಡಿನಲ್ಲೇ ಮೇಯುವುದು, ಅವು ಈದರೆ ಮೊದಲ ಮರಿ ನನ್ನದು, ಎರಡನೆಯದು ಸಾಕಿದವನದು. ನಮ್ಮಲ್ಲಿ ಇದಕ್ಕೆ ಪಾಲಿಗೆ ಕೊಡುವುದು ಅನ್ನುತ್ತಾರೆ.

ಮೊದಲು ಬೇಕೆನಿಸಿದ್ದು ಕೆಂಪು ಪಟ್ಟಿಯ ಇನ್ನೊಂದು ವಾಚು. ಮೂಡಲಗಿ ಸಂತೆಯವರೆಗೆ ಅದು ಕಣ್ಣಿಗೆ ಕಟ್ಟಿತ್ತು. ಗೋಕಾಕದ ಸಂತೆಯ ದಿನ ಅಂಗಡಿಯಲ್ಲಿ ಗದ್ದಲ. ಹುಕ್ಕೇರಿಯಿಂದ ಬಂದು ಕಾಕಾ, "ಏನೋ ಬೇಕಂದಿದ್ದಿ ಅಲ್ಲ?" ಅಂದಾಗ ನಾನು ತಲೆ ಕೆರೆದುಕೊಂಡೆ. ಅವನು ಕಂಬಳಿಯಲ್ಲಿ ಮುಖ ಮುಚ್ಚಿ ನಕ್ಕ. ಆ ವಾಚಿನ ಹಣದ ಜೊತೆ ಮತ್ತೆರಡು ಮರೆತದ್ದು ಸೇರಿ ನನ್ನ ಮೊದಲ ಮರಿಯಾಯಿತು. ಎಲ್ಲವನ್ನೂ ಮರೆತೆನೆಂದಲ್ಲ. ಬಸ್ಸಿಗೆ ಕಾಯುವಾಗ ತೊಯ್ಯದಿರಲು ಒಂದು ರೇನ್‌ಕೋಟು ಬೇಕಿತ್ತು, ಮೂರು ಸಂತೆ ದಾಟಿದ ಮೇಲೂ ಬೇಕಿತ್ತು. "ಸೋವಿದು ಹಿಡೀಬ್ಯಾಡ, ಚಲೋದ ತಗೊ" ಅಂದ ಕಾಕಾ.

ಹಾಗೆ ಮರೆತದ್ದೆಲ್ಲ ಒಂದೊಂದಾಗಿ ಮರಿಗಳಾಗುತ್ತ ಹೋಗಿ, ಫೀ ಕಟ್ಟುವ ಕಾಲ ಬಂತು. ನನ್ನ ಪಾಲಿಗೆ ಬಂದ ಕುರಿಗಳಲ್ಲಿ ಎರಡನ್ನು ಹಿಂಡಿನಲ್ಲೇ ಉಳಿಸಿ, ಉಳಿದವನ್ನು ಮೂಡಲಗಿ ಸಂತೆಗೆ ಹೊಡೆದುಕೊಂಡು ಹೋದೆವು. ಅಲ್ಲಿ ಇಬ್ಬರು ರುಮಾಲಿನ ಕೆಳಗೆ ಕೈ ಕೊಟ್ಟು, ಬೆರಳು ಹಿಡಿದು ಬೆಲೆ ಮಾಡುವುದು ರೂಢಿ. ಸುತ್ತಲಿನವರಿಗೆ ತಿಳಿಯಬಾರದು. ಒಬ್ಬ ವ್ಯಾಪಾರಿ ಬಂದು ಕಾಕಾನ ಎದುರು ರುಮಾಲು ಬಿಚ್ಚಿದ.

"ನನಗಲ್ಲ. ಅಕೀ ಕುರಿ ಅವು, ಅಕೀನ ಕೇಳ್ರಿ" ಅಂದ ಕಾಕಾ.

ವ್ಯಾಪಾರಿ ನನ್ನ ನೋಡಿದ, ರುಮಾಲು ನೋಡಿದ. "ಹೆಣ್ಣಮಗಳ ಕೈ ಹೆಂಗ ಹಿಡಿಬೇಕ್ರಿ ಯಜಮಾನ್ರ? ನೀವ ಕೈ ಕೊಡ್ರಿ."

"ಕೈ ಯಾಕ್ರಿ, ನಾ ಬಾಯಿಲೆ ಹೇಳತೇನಿ" ಅಂದೆ. ನನ್ನ ಬೆಲೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ. ವ್ಯಾಪಾರಿಯ ಮುಖ ಸಣ್ಣದಾಯಿತು. ಅಷ್ಟರಲ್ಲಿ ಆ ಮಾತು ಕಿವಿಗೆ ಬಿದ್ದ ಇನ್ನಿಬ್ಬರು ಇತ್ತ ಸರಿದರು. ಮೂವರ ನಡುವೆ ಬಾಯಿಮಾತಿನಲ್ಲೇ ಚೌಕಾಶಿ ನಡೆದು, ನಾನು ಹೇಳಿದ್ದಕ್ಕಿಂತ ತುಸುವೇ ಇಳಿದು ಕುರಿ ಹೋದವು. ಕಾಕಾ ಅಷ್ಟೂ ಹೊತ್ತು ಕೈ ಹಿಂದೆ ಕಟ್ಟಿಕೊಂಡು, ನಾನು ಯಾರೋ ಏನೋ ಅನ್ನುವಂತೆ ಬೇರೆಡೆ ನೋಡುತ್ತ ನಿಂತಿದ್ದ. ಟೆಂಪೊ ಹತ್ತಿದ ಮೇಲೆ ಅಂದ: "ನಮ್ಮ ಸಂತಿ ಮರ್ಯಾದಿ ಕಳದಿ ನೋಡು." ಮರುದಿನ ಊರ ಕಟ್ಟೆಯ ಮೇಲೆ ನನ್ನ ದನಿಯಲ್ಲಿ ಬೆಲೆ ಕೂಗಿ ತೋರಿಸಿ ಎಲ್ಲರನ್ನೂ ನಗಿಸಿದನಂತೆ.

ಆ ಹಣದಲ್ಲಿ ಫೀ ಕಟ್ಟಿ ಬಿ.ಎಡ್. ಮುಗಿಸಿದೆ. ಹುಕ್ಕೇರಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಮಾಸ್ತರಿಕೆ ಸಿಕ್ಕಿತು. ಆ ಊರಿನ ಸಂತೆಯಲ್ಲಿ ಒಂದು ಹಿತ್ತಾಳೆ ಸಾಮಾನಿನ ಅಂಗಡಿಯಿದೆ. ಕರಿ ಟಗರು ಬಂದಾಗಿನಿಂದ ಕಾಕಾ ಅಲ್ಲಿ ತೂಗುಹಾಕಿದ ಕೊರಳಗಂಟೆಯ ಎದುರು ಪ್ರತಿ ಸಲ ನಿಲ್ಲುತ್ತಿದ್ದ. ನಾನೂ ಜೊತೆಗಿದ್ದು ನೋಡಿದ್ದೇನೆ. ಕೈ ಹಿಂದೆಯೇ ಇರುತ್ತಿದ್ದವು. "ದನಿ ಚಲೋ ಇರಬೇಕು" ಅಂದು ಮುಂದೆ ಹೋಗುತ್ತಿದ್ದ.

ಹೊಸ ಕೆಲಸದ ಮೊದಲ ಪಗಾರವಾದ ಮೇಲೆ ಊರಿಗೆ ಹೋದೆ. ಕಾಕಾ ಕೆಮ್ಮಿನಿಂದ ಸೊರಗಿ ಹೊರಸಿನ ಮೇಲೆ ಕುಳಿತಿದ್ದ. ಸಂತೆಗೆ ಹೋಗುವುದು ನಿಂತಿತ್ತು. ನಾನು ಕೈ ಹಿಂದೆ ಕಟ್ಟಿಕೊಂಡು ಅವನೆದುರು ನಿಂತೆ.

"ಏನ ವ್ಯಾಪಾರಕ್ಕ ಬಂದ್ರಿ ಬಾಯಾರ?" ಶಾಲೆಯ ಹುಡುಗರು ಟೀಚರನ್ನು ಕರೆಯುವ ಹಾಗೆ ಕೇಳಿದ.

"ಹುಕ್ಕೇರ್ಯಾಗ ಆ ಗಂಟಿ ಇನ್ನೂ ಐತಿ ಕಾಕಾ."

"ಐತೇನ?" ಕಣ್ಣು ಅರಳಿದವು. ಮರುಗಳಿಗೆಯಲ್ಲೇ ಬಿಗಿಯಾದ. "ಇರಲಿ. ಟಗರಿಗಿ ಎದಕ ಗಂಟಿ? ಮೂರು ಸಂತಿ ದಾಟಲಿ."

"ನಿಂದು ಎಷ್ಟ ಸಂತಿ ದಾಟ್ಯಾವ ಕಾಕಾ?"

ನಾನು ಕೈ ಮುಂದೆ ತಂದೆ. ಕೊಡುವ ಮೊದಲೇ ಗಂಟೆ ದನಿ ಮಾಡಿತು. ಅವನು ಅದನ್ನು ಅಂಗೈಯಲ್ಲಿ ತೂಗಿ, ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಬಾರಿಸಿದ. "ಎಷ್ಟ ಕೊಟ್ಟಿ?"

ಅರ್ಧ ಬೆಲೆ ಹೇಳಿದೆ.

ಬಾಗಿಲಲ್ಲಿ ನಿಂತಿದ್ದ ಕಾಕಿ ಅಂದಳು: "ನಿಮ್ಮ ರಕ್ತನ ಅದು, ಬಿಡ್ರಿ." ಕಾಕಾ ಕೆಮ್ಮು ಬರುವತನಕ ನಕ್ಕ. ಅವನನ್ನು ನಾನು ನೋಡಿದ್ದು ಅದೇ ಕಡೆ.

ಈಗ ಹಿಂಡನ್ನು ಕಾಕಿ ನೋಡಿಕೊಳ್ಳುತ್ತಾಳೆ. ಅದರಲ್ಲಿ ನನ್ನ ಪಾಲಿನವೂ ಬೆಳೆಯುತ್ತಿವೆ. ಮೇಲವಂಕಿಯಲ್ಲಿ ಬಸ್ಸಿಳಿದು ಹೊಲದ ದಾರಿ ಹಿಡಿದರೆ ಕುರಿ ಕಾಣುವ ಮೊದಲೇ ಗಂಟೆ ಕೇಳಿಸುತ್ತದೆ. ಮುದಿಯಾದ ಟಗರು ನನ್ನ ಗುರುತು ಹಿಡಿದು ಹತ್ತಿರ ಬರುತ್ತದೆ. ನಾನು ಎರಡೂ ಕೈಗಳನ್ನು ಅದರ ಬೆನ್ನ ಮೇಲಿಡುತ್ತೇನೆ. ಅದೇನೂ ಮಾರುವ ಕುರಿಯಲ್ಲ.