ಅವ್ವನ ರಬ್ಬರ್ ಚಪ್ಪಲಿ

"ಚಪ್ಪಲಿ ನಾ ಬಿಡಂಗಿಲ್ರಿ ಡಾಕ್ಟ್ರ. ಅವರ ತಲಿಯಾಗ ಕರೆಂಟ್ ಹರ್ಯಾಕತ್ತೈತಿ," ಎಂದು ಅವ್ವ ಕಂಟೋನ್ಮೆಂಟಿನ ಕ್ಲಿನಿಕ್ಕಿನ ಬಾಗಿಲಲ್ಲೇ ನಿಂತಳು. ಅದಿರು ಲಾರಿ ಓಡಿಸುತ್ತಿದ್ದ ಅಪ್ಪನಿಗೆ ಪಾರ್ಶ್ವವಾಯು ಬಡಿದು ಸಮತೋಲ ತಪ್ಪಿತ್ತು. ಮಿದುಳು ಚುರುಕಾಗಲೆಂದು ತಲೆಗೆ ಪಟ್ಟಿ ಕಟ್ಟಿ, ತೀರಾ ಸಣ್ಣ ಕರೆಂಟ್ ಹರಿಸುತ್ತಾ, ಎರಡೂ ಬದಿಯ ಕಂಬಿ ಹಿಡಿಸಿ ನಡೆಸುತ್ತಿದ್ದರು. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಅವ್ವ ನಂಬಲಿಲ್ಲ.

ಅಷ್ಟರಲ್ಲಿ ಅಪ್ಪ ಕಂಬಿ ಬಿಟ್ಟು ಅವಳತ್ತ ನಾಲ್ಕು ಹೆಜ್ಜೆ ಹಾಕಿ ವಾಲಿದ. ಅವ್ವ ಓಡಿದ ರಭಸಕ್ಕೆ ಚಪ್ಪಲಿ ಎಲ್ಲೋ ಹಾರಿದವು. ಬರಿಗಾಲಲ್ಲೇ ಅಪ್ಪನನ್ನು ತಬ್ಬಿ ಹಿಡಿದಳು.

"ಹೊಡೀತೇನಲೇ ಕರೆಂಟು?" ಎಂದ ಅಪ್ಪ.

"ಹೊಡೀಲಿ ಬಿಡ್ರಿ. ಕಂಬಿ ಬಿಟ್ಟು ನಡದ್ರಲ್ಲ," ಎಂದಳು ಅವ್ವ.

ಈಗ ಅಪ್ಪ ಪಾರ್ವತಿನಗರದಲ್ಲಿ ಕೋಲಿಲ್ಲದೆ ಓಡಾಡುತ್ತಾನೆ. ಅದಿರು ಲಾರಿಗಳ ರಸ್ತೆ ದಾಟುವಾಗ ಅವ್ವ ಕೈ ಚಾಚಿದರೆ, ಮೊದಲು ಅವಳ ಕಾಲಲ್ಲಿ ಚಪ್ಪಲಿ ಇದೆಯೋ ಎಂದು ನೋಡುತ್ತಾನೆ.