ಉಡಿಯೊಳಗಿನ ಗೆಜ್ಜೆಸರ

ಮುಂಜಾವಿನ ಮಂಜಿನಲ್ಲಿ ಅಪ್ಪ ಎತ್ತುಗಳ ಕೊರಳಿನ ಗೆಜ್ಜೆಸರ ಬಿಚ್ಚಿ, ಮದುಮಗಳಾದ ನನ್ನ ಉಡಿಯಕ್ಕಿಯಲ್ಲಿ ಹುದುಗಿಸಿದರು. ಮಹಾಯುದ್ಧ ಮುಗಿದಿದ್ದರೂ ನಿಜಾಮರ ನಾಡಿನಲ್ಲಿ ಗಲಭೆಯಿತ್ತು. ಗೆಜ್ಜೆ ಕೇಳಿದರೆ ದರೋಡೆಕೋರರು ಬಂಡಿ ತಡೆಯುವ ಭಯ. ಬಾಲ್ಯದಲ್ಲಿ ಹೊಲಕ್ಕೆ ಹೊರಡುವಾಗ ನಾನೇ ಕಟ್ಟುತ್ತಿದ್ದ ಆ ಗೆಜ್ಜೆಗಳನ್ನು ಅಲುಗದಂತೆ ಹಿಡಿದು, ಶಿವನಾಮ ಜಪಿಸುತ್ತ, ನಮ್ಮೂರು ಮುಧೋಳದಿಂದ ಹತ್ತಿರದ ಸೇಡಂವರೆಗೆ ಕನಸಿನಲ್ಲೆಂಬಂತೆ ಸಾಗಿದೆ.

ಗಂಡನ ಮನೆಯೆದುರು ಇಳಿಯುವಾಗ ಉಡಿ ಘಲ್ಲೆಂದಿತು. ನಾನು ಎರಡೂ ಕೈಯಿಂದ ಉಡಿಯನ್ನು ಅವುಚಿಕೊಂಡೆ. ಹೊಸ್ತಿಲಲ್ಲಿದ್ದ ಅತ್ತೆ ನಕ್ಕುಬಿಟ್ಟರು.

“ಅಂಜಬ್ಯಾಡವ್ವಾ. ಬೀಗರ್ರೀ, ಮೊದ್ಲು ಎತ್ತಿಗಿ ಗೆಜ್ಜಿ ಕಟ್ರಿ! ನಮ್ಮ ಸೊಸಿ ಏನ್ ಕಳವಿನ ಮಾಲೇನ್ರಿ, ಸದ್ದಿಲ್ದ ಒಳಗ ಬರ್ಲಿಕ್ಕ?”

ಅಪ್ಪ ಕಣ್ಣೊರೆಸಿಕೊಂಡು ಕಟ್ಟಿದರು. ಎತ್ತುಗಳು ಕೊರಳು ಕೊಡವಿದವು. ಓಣಿಯೆಲ್ಲ ಕೇಳುವಂತೆ ನಾನು ಮನೆ ಸೇರಿದೆ.

ಇಂದಿಗೂ ಲಿಂಗಪೂಜೆಗೆ ಕುಳಿತು ಕಣ್ಣು ಮುಚ್ಚಿದಾಗ, ಆ ನಾದವೇ ಮೊದಲು ಬಂದು ಅಂಜಬೇಡವೆನ್ನುತ್ತದೆ.